ಬಲಗೈಯ ಗಡಿಯಾರ

ಈರಣ್ಣ, ನಾನು ನಿನಗೆ ಸುಳ್ಳು ಹೇಳಿದೆ. ಆ ಸಿನಿಮಾದ ಕೊನೆಯಲ್ಲಿ ಬಸ್ ನಿಲ್ದಾಣದಲ್ಲಿ ನಿಂತವನ ಗಡಿಯಾರ ಬಲಗೈಯಲ್ಲಿದೆ ಎಂದು ನಿನ್ನ ಕಿವಿಯಲ್ಲಿ ಹೇಳಿದವನು ನಾನೇ. ಅದು ಎಡಗೈಯಲ್ಲಿತ್ತು. ನನಗೆ ಕಾಣುತ್ತಿತ್ತು — ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ, ಹಾಗೆ ಹೇಳಲೇ ಇಲ್ಲ ಎಂದೆ. ಎರಡು ಸಲ ಎಂದೆ. ಒಂಬತ್ತು ವರ್ಷವಾಯಿತು. ನಿನ್ನ ತಲೆ ಆ ದಿನ ಸರಿಯಾಗಿಯೇ ಇತ್ತು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಅದರಲ್ಲಿ ಎಷ್ಟನ್ನು ನೀನು ಈಗ ನಂಬುತ್ತೀಯೋ ನನಗೆ ತಿಳಿಯದು — ಅದಕ್ಕೆ.

ಇಪ್ಪತ್ತೆರಡು ವರ್ಷ ನಾವಿಬ್ಬರೂ ಮುಂಬೈ ಹತ್ತಿರದ ಠಾಕುರ್ಲಿಯಲ್ಲಿ ಒಂದೇ ಲೋಕಲ್ ರೈಲು ಹತ್ತಿ ಠಾಣೆ ಊರಿಗೆ ಕೆಲಸಕ್ಕೆ ಹೋದೆವು. ನೀನು ವಿಮಾ ಕಚೇರಿಗೆ, ನಾನು ಸಾಗಣೆ ಕಂಪನಿಯ ಗೋದಾಮಿಗೆ. ಜೊತೆಗೆ ಉಡುಪಿ ಕಡೆಯ ಶೆಟ್ಟರು. ಡಬ್ಬಿಯಲ್ಲಿ ಉಳಿದವರು ಭಜನೆ ಹಾಡುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ನಾವು ನೋಡಿದ ಸಿನಿಮಾಗಳನ್ನು ಮಾತಿನಲ್ಲಿ ಬಿಚ್ಚಿ ನೋಡುತ್ತಿದ್ದೆವು. ಬೆಂಕಿಯಲ್ಲಿ ಸುಟ್ಟುಹೋದ ಪತ್ರ ಕೋರ್ಟಿಗೆ ಎಲ್ಲಿಂದ ಬಂತು? ಗುಂಡು ತಿಂದ ನಾಯಕ ಎರಡು ದಿನದ ದಾರಿಯನ್ನು ಒಂದು ಹಾಡಿನೊಳಗೆ ಹೇಗೆ ನಡೆದ? ನಿಯಮ ಮಾಡಿದವನು ನೀನು. ಮಾತೆತ್ತಿದವನು ಅದನ್ನು ಯಾವ ದೃಶ್ಯದಲ್ಲಿ ಕಂಡೆ ಎಂದು ಹೇಳಬೇಕು. ಹೇಳಿದ್ದು ಸುಳ್ಳಾದರೆ ಎದ್ದು ಸೀಟು ಬಿಟ್ಟುಕೊಟ್ಟು ಠಾಣೆಯವರೆಗೆ ನಿಲ್ಲಬೇಕು.

ನಿಂತವನು ಹೆಚ್ಚಾಗಿ ನಾನೇ.

“ಏಳಪಾ ಶೇಖಪ್ಪ. ಪಿಕ್ಚರ್ ನೋಡೀದಿ, ಖರೆ. ಆದ್ರ ಶೇಂಗಾ ಸುಲಕೋತ ನೋಡೀದಿ,” ಎನ್ನುತ್ತಿದ್ದೆ ನೀನು.

“ನಿಲ್ಲಿ ಮಾರಾಯ್ರೆ, ಮೊಣಗಂಟಿಗೆ ಒಳ್ಳೇದು,” ಎಂದು ಶೆಟ್ಟರು ನನ್ನ ಜಾಗದಲ್ಲಿ ತಮ್ಮ ಚೀಲ ಇಡುತ್ತಿದ್ದರು.

ನಾನೂ ನಗುತ್ತಿದ್ದೆ. ಆದರೆ ಮೇಲಿನ ಹಿಡಿಕೆಗೆ ಜೋತುಬಿದ್ದು ನಿನ್ನ ತಲೆಯನ್ನು ಮೇಲಿನಿಂದ ನೋಡುತ್ತ, ಒಂದು ದಿನವಾದರೂ ಇವನು ನನ್ನ ಮಾತಿಗೆ ಬರಬೇಕು ಎಂದು... ಒಂದೇ ಒಂದು ದಿನ. ಇದನ್ನು ನೆಪವೆಂದು ಹೇಳುತ್ತಿಲ್ಲ. ಇದ್ದದ್ದು ಹೇಳುತ್ತಿದ್ದೇನೆ.

ನಿವೃತ್ತಿಯ ನಂತರ ನಿನ್ನ ಕಣ್ಣಿನ ನರ ಒಣಗುತ್ತ ಬಂತು. ಬೆಳಕು ಗೊತ್ತಾಗುತ್ತಿತ್ತು, ಆಕಾರ ಗೊತ್ತಾಗುತ್ತಿತ್ತು, ಅಷ್ಟೇ. ಆದರೂ ಡೊಂಬಿವಲಿಯ ನಮ್ಮ ಕನ್ನಡದವರು ಶಾಲೆಯ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದ ಸಿನಿಮಾ ಒಂದನ್ನೂ ನೀನು ಬಿಡಲಿಲ್ಲ. ನನ್ನ ಪಕ್ಕ ಕೂತು, ಮಾತು ನಿಂತಾಗಲೆಲ್ಲ ಮೊಣಕೈಯಿಂದ ತಿವಿಯುತ್ತಿದ್ದೆ. ನಾನು ಕಂಡದ್ದನ್ನು ಪಿಸುಗುಟ್ಟುತ್ತಿದ್ದೆ. “ಕಣ್ಣ ನಿಂದು, ತಲಿ ನಂದು,” ಎನ್ನುತ್ತಿದ್ದೆ ನೀನು. ಮುಗಿದ ಮೇಲೆ ಉಪ್ಪಿಟ್ಟು ತಿಂದು ಚರ್ಚೆ. ನೀನು ಎದ್ದು ನಿಂತರೆ ಹಿಂದಿನ ಸಾಲಿನವರೂ ತಟ್ಟೆ ಕೆಳಗಿಡುತ್ತಿದ್ದರು.

ಆ ಸಿನಿಮಾದಲ್ಲಿ ಇಬ್ಬರು ಗಂಡುಮಕ್ಕಳ ಪೈಕಿ ಅಣ್ಣ, ನೆರೆ ಬಂದ ಹೊಳೆಯಲ್ಲಿ ದೋಣಿ ಬಿಟ್ಟವನು ಮರಳುವುದಿಲ್ಲ. ತಾಯಿ ಕಾಯುತ್ತಾಳೆ. ಕೊನೆಗೆ ಬಸ್ ನಿಲ್ದಾಣದಲ್ಲಿ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದಾನೆ. ತಾಯಿ ಅವನತ್ತ ನಡೆಯುತ್ತಾಳೆ. ಮುಖ ತೋರಿಸದೆ ಸಿನಿಮಾ ಮುಗಿಯುತ್ತದೆ. ಅವನು ಮಗನೇ ಎಂಬುದು ನನ್ನ ವಾದ. ಅಲ್ಲ, ಯಾರೋ ದಾರಿಹೋಕ, ಅಷ್ಟು ಹೊತ್ತಿಗೆ ತಾಯಿಗೆ ಎಲ್ಲರೂ ಮಗನೇ ಎಂಬುದು ನಿನ್ನದು. ಕತ್ತಲಲ್ಲಿಯೇ ಶುರುವಾಗಿತ್ತು ನಮ್ಮ ಜಗಳ. ಆಗ ನೀನು ನನ್ನ ತೋಳು ಹಿಡಿದು ಕೇಳಿದೆ: “ಅಣ್ಣ ಎಡಚ. ಗಡಿಯಾರ ಬಲಗೈಗೆ ಕಟ್ಟತಿದ್ದ. ಇಂವಾ ಯಾವ ಕೈಗೆ ಕಟ್ಯಾನ ನೋಡು.”

ನೋಡಿದೆ. ಎಡಗೈ. ಮತ್ತೆ ನೀನೇ ಗೆದ್ದಿದ್ದೆ.

“ಬಲಗೈ,” ಎಂದೆ.

ನೀನು ನನ್ನ ತೋಳು ಬಿಟ್ಟು, “ಹಂಗಾದ್ರ ನಿಂದ ಖರೆ ಶೇಖಪ್ಪ,” ಎಂದೆ. ಆ ಮಾತು ನನಗೆ ಎಷ್ಟು ಸಿಹಿಯಾಗಿತ್ತೆಂದು ಹೇಗೆ ಬರೆಯಲಿ — ನಾಚಿಕೆಯಾಗುತ್ತದೆ.

ನೀನು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಚರ್ಚೆಯಲ್ಲಿ ಎದ್ದು ನಿಂತು, ಆ ಬಲಗೈಯ ಗಡಿಯಾರ ಒಂದನ್ನೇ ಹಿಡಿದು ಇಡೀ ಕಥೆಯನ್ನು ಹೊಸದಾಗಿ ಕಟ್ಟಿದೆ. ತಾಯಿ ಏಕೆ ಅಳಲಿಲ್ಲ, ತಮ್ಮ ಏಕೆ ಅಣ್ಣನ ಚಪ್ಪಲಿಯನ್ನು ಬಾಗಿಲಲ್ಲೇ ಉಳಿಸಿದ... ಅಷ್ಟು ಚೆನ್ನಾಗಿ ನೀನು ಹಿಂದೆಂದೂ ಮಾತಾಡಿರಲಿಲ್ಲ. ಅದೂ ನನ್ನ ವಾದದ ಪರವಾಗಿ. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತೇ ಇದ್ದೆ.

ಬೆಂಗಳೂರಿನಿಂದ ಬಂದು ಐರೋಲಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿ ಕೈಯೆತ್ತಿದಳು. “ಅಂಕಲ್, ಸಾರಿ. ನಾನಿದನ್ನ ಮೊದ್ಲೇ ನೋಡಿದೀನಿ. ವಾಚ್ ಎಡಗೈಲಿದೆ.” ಮೊಬೈಲಿನಲ್ಲಿ ಆ ದೃಶ್ಯ ತೆಗೆದು ಸುತ್ತಲಿನವರಿಗೆ ತೋರಿಸಿದಳು. ಯಾರೋ ನಕ್ಕರು. “ಈರಣ್ಣಾರ, ಕಾಣದ್ದನ್ನ ಕಂಡೀರಲ್ರೀ,” ಎಂದರು. ನಗು ಸಾಲಿನಿಂದ ಸಾಲಿಗೆ ಹರಿಯಿತು.

ನೀನು ನಾನಿರುವ ಕಡೆ ತಿರುಗಿದೆ. ಸರಿಯಾಗಿ ನನ್ನ ಕಡೆಗಲ್ಲ — ಎರಡು ಕುರ್ಚಿ ಆಚೆಗೆ. “ಶೇಖಪ್ಪ, ನೀನ ಹೇಳಿದೆಲ್ಲೋ?”

“ನಾ ಎಲ್ಲಿ ಹೇಳೇನಿ? ನೀನ ಅನಕೊಂಡಿರಬೇಕು.”

ಸಭೆಯ ಮುಂದೆ ಹೆದರಿ ಬಾಯಿಗೆ ಬಂದ ಮಾತು ಎಂದು ಅದನ್ನು ನಾನೇ ಕ್ಷಮಿಸಿಕೊಂಡಿದ್ದೆ. ಎರಡನೆಯದನ್ನು ಏನೆನ್ನಲಿ?

ಮಂಗಳವಾರ ಬೆಳಿಗ್ಗೆ ನೀನು ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದೆ. ನನ್ನಾಕೆ ಚಹಾ ಇಟ್ಟು ಒಳಗೆ ಹೋದಳು. ನೀನು ಕಪ್ಪು ಮುಟ್ಟಲಿಲ್ಲ. “ಇಲ್ಲಿ ಯಾರೂ ಇಲ್ಲ. ಸಿಟ್ಟಿಲ್ಲ ನನಗ. ಇಷ್ಟ ಹೇಳು — ನೀ ಬಲಗೈ ಅಂದಿದ್ದಿ, ಹೌದಿಲ್ಲೋ? ನನ್ನ ಕಿವಿ ಕೇಳೇತಿ. ಕಣ್ಣ ಹೋತು, ಹೋಗ್ಲಿ. ತಲೀನೂ ಹೋತೇನು ಅಂತ ಹೆದರಿಕಿ ಆಗೇತಿ.”

ಒಂದು ‘ಹೌದು’ ಸಾಕಿತ್ತು.

“ಇಲ್ಲ ಈರಣ್ಣ, ನಾ ಅಂದಿಲ್ಲ,” ಎಂದೆ. “ವಯಸ್ಸಾತು. ಹಂಗ ಆಗತೈತಿ.”

ನೀನು ತಲೆಯಾಡಿಸಿದೆ. ನನಗೇ ಸಮಾಧಾನ ಹೇಳುವವನ ಹಾಗೆ. ಮೆಟ್ಟಿಲಿಳಿಯುವಾಗ ಒಂದೊಂದನ್ನೂ ಬಾಯಿಬಿಟ್ಟು ಎಣಿಸಿಕೊಂಡು ಇಳಿದೆ. ಹತ್ತುವಾಗ ಎಣಿಸಿರಲಿಲ್ಲ.

ಆಮೇಲೆ ನೀನು ಸಿನಿಮಾಕ್ಕೆ ಬರಲಿಲ್ಲ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ತಿರುಗಿ ಬರುತ್ತೀ ಎಂದು ಪಕ್ಕದವರು ಹೇಳಿದರು. ಕಣ್ಣಿಗೆ ಔಷಧ ಬಿಟ್ಟುಕೊಂಡೆನೋ ಎಂಬುದೂ ನಿನಗೆ ಖಾತ್ರಿಯಿಲ್ಲವಾಯಿತು. ಕೊನೆಗೆ ಮಗಳು ಸುನೀತಾ ನಿನ್ನನ್ನು ಬದಲಾಪುರಕ್ಕೆ ಕರೆದುಕೊಂಡು ಹೋದಳು. ನಾನು ಹಬ್ಬಕ್ಕೆ ಫೋನ್ ಮಾಡಿದೆ, ಆರೋಗ್ಯ ಕೇಳಿದೆ, ಹವಾಮಾನದ ಮಾತಾಡಿದೆ. ಒಮ್ಮೆ ಸಿನಿಮಾದ ಸುದ್ದಿ ತೆಗೆದರೆ, “ಅದೆಲ್ಲ ಬ್ಯಾಡೋ. ನಾ ಏನ ಅಂದ್ರೂ ತಪ್ಪ ಇರತೈತಿ,” ಎಂದೆ ನೀನು.

ಮೊನ್ನೆ ಸುನೀತಾ ತಾನೇ ಫೋನ್ ಮಾಡಿದ್ದಳು. “ಕಾಕಾ, ಅಪ್ಪಾಂನಾ ಆತಾ ಏಕ್ಟಂ ಸೋಡತಾ ಯೇತ್ ನಾಹೀ,” ಎಂದಳು ಮರಾಠಿಯಲ್ಲಿ. ಅಪ್ಪನನ್ನು ಒಬ್ಬನೇ ಬಿಡಲಾಗುವುದಿಲ್ಲ ಎಂದು. ಸೋಮವಾರ ನಿನ್ನನ್ನು ಸೀವುಡ್ಸ್ ಹತ್ತಿರ ಮರೆವಿನವರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸುತ್ತಾರಂತೆ. ಡಾಕ್ಟರು ವಾರ ಯಾವುದು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದ್ದಕ್ಕೆಲ್ಲ ನೀನು ಒಂದೇ ಉತ್ತರ ಕೊಟ್ಟೆಯಂತೆ: “ನನಗ ಖಾತ್ರಿ ಇಲ್ಲ.” ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ನಿನ್ನ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಫೋನ್ ಇಟ್ಟ ಮೇಲೆ ನನಗೆ ಕೂರಲಾಗಲಿಲ್ಲ. ಈಗ ನಿಜವಾಗಿಯೂ ಮರೆವು ಬಂದಿರಬಹುದು. ಇಲ್ಲದೆಯೂ ಇರಬಹುದು — ಯಾರಿಗೆ ಗೊತ್ತು, ತನ್ನನ್ನು ತಾನೇ ನಂಬದ ಮನುಷ್ಯನನ್ನು ಯಾವ ಡಾಕ್ಟರು ಹೇಗೆ ಪರೀಕ್ಷಿಸಬೇಕು? ಆ ನಂಬಿಕೆಯನ್ನು ಕಿತ್ತವನು ನಾನು. ಒಂದು ಸಿನಿಮಾದ ವಾದ ಗೆಲ್ಲುವುದಕ್ಕೆ. ಈರಣ್ಣ, ಬರೀ ಒಂದು ಸಿನಿಮಾಕ್ಕೆ...

ಇಲ್ಲಿಯವರೆಗೆ ಬರೆದು ಲಕೋಟೆಯ ಮೇಲೆ ಬದಲಾಪುರದ ವಿಳಾಸ ಹಾಕಿದೆ. ಆಗ ಕೈ ನಿಂತಿತು. ಯಾರು ಓದುತ್ತಾರೆ? ನಿನಗೆ ಕಾಣುವುದಿಲ್ಲ. ಸುನೀತಾ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅಳಿಯ ಮರಾಠಿಯವನು. ಆ ಮನೆಯಲ್ಲಿ ಯಾರೂ ಓದಲಾರದ ಕಾಗದ ಬರೆದು, ಅಂಚೆಗೆ ಹಾಕಿ, ಹೇಳಿದ್ದಾಯಿತು ಎಂದುಕೊಳ್ಳಲು ಹೊರಟಿದ್ದೆ. ಒಂಬತ್ತು ವರ್ಷ ತಪ್ಪಿಸಿಕೊಂಡ ಬುದ್ಧಿ ಕೊನೆಯ ಗಳಿಗೆಯಲ್ಲೂ ದಾರಿ ಹುಡುಕುತ್ತಿತ್ತು.

ಲಕೋಟೆ ಹರಿದೆ. ಈ ಕೊನೆಯ ಮಾತನ್ನೂ ಬರೆದು ಕಾಗದವನ್ನು ಜೇಬಿನಲ್ಲಿಡುತ್ತೇನೆ. ನಾಳೆ ಶನಿವಾರ, ಅಳಿಯನೂ ಮನೆಯಲ್ಲಿರುತ್ತಾನೆ. ನಿನ್ನ ಎದುರಿಗೆ ಸುನೀತಾಳನ್ನು ಕೂರಿಸಿ ಮೊದಲ ಸಾಲಿನಿಂದ ಓದುತ್ತೇನೆ. ಅವಳು ಡಾಕ್ಟರಿಗೆ ಹೇಳಲಿ, ಅಳಿಯನಿಗೆ ಹೇಳಲಿ, ಬೇಕಾದರೆ ನನ್ನನ್ನು ಬಾಗಿಲಾಚೆ ಕಳಿಸಲಿ. ನೀನು ಏನನ್ನುತ್ತೀಯೋ ಗೊತ್ತಿಲ್ಲ. ಏನೂ ಅನ್ನದೆಯೂ ಇರಬಹುದು.

ಕುರ್ಚಿ ಕೊಟ್ಟರೆ ಕೂರುವುದಿಲ್ಲ. ನಿಯಮ ನಿನ್ನದೇ. ನಿಂತೇ ಓದುತ್ತೇನೆ.