ಜುಲಾಕ್ ತೆರೆದಿಟ್ಟ ದಾರಿ

ನನ್ನ ಅಮ್ಮನ ಅಣ್ಣ ಜುಂಬೆರಿಯವರನ್ನು ಸಂಪಿತ್ ಊರಿನ ನಮ್ಮ ಗಲ್ಲಿಯಲ್ಲಿ ಎಲ್ಲರೂ ಜುಲಾಕ್ ಎನ್ನುತ್ತಾರೆ, ದೊಡ್ಡಮಾವ ಎಂದ ಹಾಗೆ. ಆಯುಷ್ಯವನ್ನೆಲ್ಲ ಪರರ ಹಕ್ಕಿಮನೆ ಕಾಯುತ್ತ ಕಳೆದವರು ಅವರು. ಅವರ ಮನೆಗೆ ಅಂಟಿಕೊಂಡೇ ಇದೆ ಆ ಕಿಟಕಿಯಿಲ್ಲದ ಸಿಮೆಂಟಿನ ಕಟ್ಟಡ. ಒಳಗೆ ಕತ್ತಲೆ, ತೇವ, ತೊಲೆಗಳ ತುಂಬ ವಾಲೆಟ್ ಹಕ್ಕಿಗಳ ಗೂಡು. ಹಕ್ಕಿ ತನ್ನ ಎಂಜಲಿನಿಂದ ಕಟ್ಟುವ ಆ ಗೂಡನ್ನು ಸಾಹುಕಾರರು ಸೂಪು ಮಾಡಿ ಕುಡಿಯುತ್ತಾರೆ. ಜುಲಾಕ್ ಒಂದು ಗುಟುಕೂ ಕುಡಿದವರಲ್ಲ. "ಉಗುಳಿಗೆ ಅಷ್ಟು ಬೆಲೆ ಇದ್ದಿದ್ರೆ, ನಿಮ್ಮತ್ತೆ ನನಗೆ ಉಗಿದಿದ್ದಕ್ಕೇ ನಾನು ಸಾಹುಕಾರ ಆಗ್ಬೇಕಿತ್ತು" ಎಂದು ನಗುತ್ತಿದ್ದರು.

ಧಣಿ ಕೋ ಬಿಂಗ್ ಬದುಕಿದ್ದ ಕಾಲದಿಂದಲೂ ಬೀಗದ ಕೈ ಜುಲಾಕ್ ಕೊರಳಲ್ಲೇ ಇತ್ತು. ಗೂಡು ಬಿಡಿಸುವ ದಿನ ಧಣಿ ಬರುತ್ತಿದ್ದ, ಇವರ ಜೊತೆ ಚಾಪೆಯ ಮೇಲೆ ಕೂತು ಕೋಳಿಸಾರಿನ ಸೊತೊ ಉಂಡು ಹೋಗುತ್ತಿದ್ದ. ಒಂದು ದಿನವೂ ಲೆಕ್ಕ ಕೇಳಿದವನಲ್ಲ. ಅವನು ಸತ್ತ ಮೇಲೆ ಎಲ್ಲವೂ ದೂರದ ಸುರಬಾಯ ನಗರದಲ್ಲಿರುವ ಮಗಳು ಮೆಲಾನಿಯ ಪಾಲಾಯಿತು. ಅದೇ ಹೊತ್ತಿಗೆ ನಮ್ಮ ಗಲ್ಲಿಯಲ್ಲೇ ಹೊಸ ಹಕ್ಕಿಮನೆಗಳು ಎದ್ದವು. ಹಕ್ಕಿಗಳನ್ನು ಕರೆಯಲು ಅವರು ಹಾಕುವ ಸ್ಪೀಕರಿನ ಚಿಲಿಪಿಲಿ ನಮ್ಮದಕ್ಕಿಂತ ಜೋರು. ಹಕ್ಕಿಗಳು ಆ ಕಡೆ ಹೋದವು, ಗೂಡು ಕಡಿಮೆಯಾಯಿತು. ಸುರಬಾಯದಲ್ಲಿ ಕೂತವಳಿಗೆ ಇದು ಕಾಣಬೇಕಲ್ಲ!

"ಪಾಕ್ ಜುಂಬೆರಿ, ಕಳ್ಳರ ಕಾಟ ಜಾಸ್ತಿ ಆಗಿದೆಯಂತೆ. ಕ್ಯಾಮೆರಾ ಹಾಕಿಸ್ತಿದೀನಿ" ಎಂದಳು ಫೋನಿನಲ್ಲಿ. "ನಿಮ್ಮನೇಲಿ ಇಂಟರ್ನೆಟ್ ಇದೆಯಲ್ಲ, ಅದಕ್ಕೇ ಸಿಗಿಸೋಣ."

"ಧಾರಾಳವಾಗಿ ನೋನ್. ನಮ್ದು ನಿಮ್ದು ಅಂತ ಏನಿದೆ?" ಎಂದರು ಜುಲಾಕ್. ಅವಳಿಗೆ ಇವರು ಪಾಕ್, ಅಂದರೆ ಹಿರಿಯರು; ಧಣಿಯ ಮಗಳು ಎಷ್ಟು ದೊಡ್ಡವಳಾದರೂ ಅವರಿಗೆ ನೋನ್, ಅಂದರೆ ಚಿಕ್ಕಮ್ಮಣ್ಣಿ.

ಅಂಗಡಿಯವನು ಕ್ಯಾಮೆರಾ ಬಿಗಿದು, ರೆಕಾರ್ಡರನ್ನು ಜುಲಾಕ್ ಮನೆಯ ರೌಟರಿಗೆ ಜೋಡಿಸಿ ಕೈತೊಳೆದುಕೊಂಡ. ಸುರಬಾಯದಿಂದ ನೋಡಬೇಕಾದರೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕಿತ್ತು. ರೌಟರು ಕರೆಯದೆ ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ. ಇಂಥ ನಂಬರು ಹೇಳಿಕೊಂಡು ಬಂದವರನ್ನು ಒಳಗಿನ ಇಂಥ ಯಂತ್ರದ ಹತ್ತಿರ ಕಳಿಸು ಎಂದು ಅದಕ್ಕೆ ಮೊದಲೇ ಹೇಳಿಡಬೇಕು. ಜುಲಾಕ್ ನನ್ನ ಲ್ಯಾಪ್‌ಟಾಪ್ ಮುಂದೆ ಫೋನನ್ನು ಕಿವಿಗೆ ಒತ್ತಿಕೊಂಡು ಕೂತರು, ಅವರ ತಂಗಿಯ ಮಗಳು ನಾನು ಪಕ್ಕದಲ್ಲಿ.

"ಹೊರಗಿನ ನಂಬರು ಹಾಕಿದ್ರಾ?"

"ಹಾಕ್ದೆ ನೋನ್."

"ರೆಕಾರ್ಡರಿನ ವಿಳಾಸ?"

"ಅದನ್ನೂ ಹಾಕ್ದೆ. ಒಂದು ಚುಕ್ಕಿ ಬಿಟ್ಟೋಗಿತ್ತು, ನಮ್ಮ ಹುಡುಗಿ ಬೈದಳು."

"ಸೇವ್ ಒತ್ತಿ... ಹಾಂ! ಬಂತು ಪಾಕ್, ಕಾಣ್ತಿದೆ!"

ಜುಲಾಕ್ ಫೋನು ಬಿಸಾಕಿ ಓಡಿದರು. ಹಕ್ಕಿಮನೆಯ ಬಾಗಿಲ ಮೇಲಿನ ಕ್ಯಾಮೆರಾದ ಕೆಳಗೆ ನಿಂತು ಎರಡೂ ಕೈ ಬೀಸಿದರು. ಆಮೇಲೆ ದಿನಾ ಸಂಜೆ ತಲೆ ಬಾಚಿಕೊಂಡು ಅಲ್ಲಿ ನಿಲ್ಲುವುದು, ಹಕ್ಕಿಗಳು ಮರಳುವಾಗ ನೋನ್ ನೋಡಲಿ ಎಂದು ಬೆರಳೆತ್ತಿ ತೋರಿಸುವುದು ಶುರುವಾಯಿತು.

"ಕಳ್ಳರು ಬರೋದು ಹಿಂದಿನ ಗೋಡೆ ಹತ್ತಿ. ಕ್ಯಾಮೆರಾ ಎಲ್ಲಾ ನೀವು ಓಡಾಡೋ ಕಡೇನೇ ಯಾಕಿದೆ?" ಎಂದು ಕೇಳಿದೆ.

"ನಿಂಗೆ ಎಲ್ಲದ್ರಲ್ಲೂ ಕೊಂಕು" ಎಂದು ಬಾಯಿ ಮುಚ್ಚಿಸಿದರು.

ಮಳೆಗಾಲದಲ್ಲೊಮ್ಮೆ ಸಿಡಿಲಿಗೆ ಕರೆಂಟ್ ಹೋಗಿ ಬಂತು. ಅದಾದ ವಾರದಲ್ಲೇ ಗೂಡು ಬಿಡಿಸಿದರು, ಮತ್ತೆ ಕಡಿಮೆ. ಅವತ್ತೇ ಮೆಲಾನಿಯ ಫೋನು.

"ಹೋದ ವಾರದಿಂದ ಕ್ಯಾಮೆರಾ ಯಾಕೆ ಕಪ್ಪಾಗಿದೆ?"

"ಕರೆಂಟ್ ಹೋಗಿತ್ತು ನೋನ್."

"ಬಂದ್ಮೇಲೂ ಕಪ್ಪೇ. ಶುಕ್ರವಾರ ಶುಕ್ರವಾರ ಚೀಲ ತುಂಬ್ಕೊಂಡು ಹೋಗ್ತೀರಲ್ಲ, ಏನಿರುತ್ತೆ ಅದ್ರಲ್ಲಿ?"

"ಹಕ್ಕಿ ಹಿಕ್ಕೆ. ನೆಲ ಗುಡಿಸಿದ್ದು. ನಮ್ಮ ಹುಡುಗಿ ಮೆಣಸಿನ ಗಿಡಕ್ಕೆ ಹಾಕ್ತಾಳೆ."

"ಅಪ್ಪಂಗೂ ಹೀಗೇ ಹೇಳ್ತಿದ್ರಾ?"

ಜುಲಾಕ್ ಫೋನು ಕೆಳಗಿಟ್ಟರು. ಕ್ಯಾಮೆರಾ ಯಾವ ಕಳ್ಳನಿಗಾಗಿ ಬಂದಿತ್ತೆಂದು ಆಗ ಅವರಿಗೆ ತಿಳಿಯಿತು. ನನಗಂತೂ ಮೈಯೆಲ್ಲ ಉರಿದುಹೋಯಿತು. "ಬಿಸಾಕಿ ಬನ್ನಿ ಆ ಬೀಗದ ಕೈ" ಎಂದೆ.

"ಈಗ ಬಿಟ್ರೆ ಜುಂಬೆರಿ ಕದ್ದಿದ್ದೇ ನಿಜ ಅಂತಾರೆ" ಎಂದರು. ಹೆಸರೊಂದು ಬಿಟ್ಟರೆ ಅವರು ಬೇರೇನನ್ನೂ ಗಳಿಸಿರಲಿಲ್ಲ.

ಇಂಟರ್ನೆಟ್ ಲೈನ್‌ಮನ್ ಬಂದು ನೋಡಿ ನಕ್ಕ. "ಕರೆಂಟ್ ಹೋಗಿ ಬಂದಾಗ ಈ ಡಬ್ಬಿ ಎಲ್ಲಾರ್ಗೂ ಹೊಸದಾಗಿ ವಿಳಾಸ ಹಂಚುತ್ತೆ ಜುಲಾಕ್. ರೆಕಾರ್ಡರ್‌ದು ಟಿವಿಗೆ ಹೋಗಿದೆ. ನಿಮ್ಮ ನೋನ್ ಇಷ್ಟು ದಿನ ಟಿವಿ ಬಾಗಿಲು ತಟ್ತಾ ಇದ್ರು, ಅಷ್ಟೇ." ಅದನ್ನು ಸುರಬಾಯಕ್ಕೆ ತಿಳಿಸಿದರೆ "ಸರಿ, ಇನ್ಮೇಲೆ ನೋಡ್ಕೊಳ್ಳಿ" ಎಂದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಅಂದಿನಿಂದ ಕರೆಂಟ್ ಹೋಗಿ ಬಂದಾಗಲೆಲ್ಲ ಜುಲಾಕ್ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದರು. ರೌಟರಿನ ಪುಟ ತೆರೆದು, ವಿಳಾಸ ನೋಡಿ, ತಪ್ಪಿದ್ದರೆ ತಿದ್ದಿ, ಸೇವ್ ಒತ್ತುತ್ತಿದ್ದರು. ತಮ್ಮನ್ನು ಕಳ್ಳನೆಂದು ಕಾಯುವ ಕಣ್ಣಿಗೆ ತಾವೇ ದಾರಿ ಮಾಡಿಕೊಡುವುದು ಅವರ ಕೆಲಸವಾಯಿತು. ಪ್ರತಿ ಶುಕ್ರವಾರ ಕ್ಯಾಮೆರಾದ ಕೆಳಗೆ ಕಾಗದ ಹಾಸಿ ಚೀಲ ಸುರಿಯುತ್ತಿದ್ದರು. ಹಿಕ್ಕೆಯನ್ನು ಬರಿಗೈಯಿಂದ ಕೆದಕಿ, ಖಾಲಿ ಚೀಲವನ್ನು ಒಳಹೊರಗು ಮಾಡಿ ಎತ್ತಿ ತೋರಿಸಿ, ಮತ್ತೆ ತುಂಬಿಕೊಳ್ಳುತ್ತಿದ್ದರು. ತಲೆ ಬಾಚುವುದು, ಕೈ ಬೀಸುವುದು ನಿಂತುಹೋಯಿತು. ನೋಡಲಾಗದೆ "ನಂಗೆ ಆ ಗೊಬ್ಬರವೇ ಬೇಡ" ಎಂದೆ. ನನ್ನ ಮೆಣಸಿನ ಗಿಡಗಳು ಸೊರಗಿದವು, ಸುರಿಯುವುದು ಮಾತ್ರ ತಪ್ಪಲಿಲ್ಲ.

ಕೊನೆಗೆ ಈ ಸಲ ಹಬ್ಬ ಮುಗಿದ ಮೇಲೆ ಮೆಲಾನಿಯೇ ಬಂದಳು. ಹಕ್ಕಿಮನೆ ಮಾರುತ್ತಾಳಂತೆ. ರುಸ್ಮಿನಿ ಅತ್ತೆ ಚಹಾ, ಕರಿದ ಬಾಳೆಹಣ್ಣು ತಂದಿಟ್ಟರು. ಮಾತಿನ ನಡುವೆ ಕರೆಂಟ್ ಹೋಯಿತು, ಬಂತು. ಜುಲಾಕ್ ದಡಬಡಿಸಿ ಎದ್ದರು.

"ಎಲ್ಲಿಗೆ ಪಾಕ್?"

"ದಾರಿ ಸರಿ ಇದೆಯಾ ನೋಡ್ತೀನಿ. ನಿಮಗೆ ಕಪ್ಪು ಕಾಣ್ಬಾರ್ದಲ್ಲ ನೋನ್."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ನಕ್ಕಳು. "ಓ, ಆ ಕ್ಯಾಮೆರಾನಾ? ಅದಿನ್ನೂ ಇದೆಯಾ? ಫೋನ್ ಬದಲಾಯಿಸ್ದಾಗ ಪಾಸ್‌ವರ್ಡ್ ಮರ್ತೋಯ್ತು. ಎರಡು ವರ್ಷ ಆಯ್ತು ನಾನು ಅದನ್ನ ನೋಡೇ ಇಲ್ಲ."

ಬಾಳೆಹಣ್ಣು ಕಚ್ಚುತ್ತಲೇ ಹೇಳಿದಳು. ಅವಳು ಹೊರಡುವಾಗ ಜುಲಾಕ್ ಕೊರಳಿನಿಂದ ಬೀಗದ ಕೈ ತೆಗೆದು ಚಾಚಿದರೆ ಅವಳು ತಳ್ಳಿದಳು. "ಕೊಳ್ಳೋರು ಬರೋವರ್ಗೂ ನಿಮ್ಹತ್ರಾನೇ ಇರ್ಲಿ ಪಾಕ್. ನಿಮ್ಮಷ್ಟು ನಂಬಿಕಸ್ಥರು ನಂಗೆ ಇನ್ಯಾರಿದ್ದಾರೆ?"

ಕಾರು ಮರೆಯಾದ ಕೂಡಲೇ ನಾನು ಲ್ಯಾಪ್‌ಟಾಪ್ ತಂದು ಅವರ ಮುಂದೆ ಕುಕ್ಕಿದೆ. "ಅಳಿಸಿಹಾಕಿ. ಈಗಲೇ."

ಜುಲಾಕ್ ಪುಟ ತೆರೆದರು. ಆ ಸಾಲನ್ನು ಹುಡುಕಿದರು. ವಿಳಾಸ ಮತ್ತೆ ಟಿವಿಗೆ ಹೋಗಿತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟರು, ತೆಗೆದರು. ಆಮೇಲೆ ಅವರು ವಿಳಾಸವನ್ನು ತಿದ್ದಿ ಸೇವ್ ಒತ್ತಿದರು.

"ಬೀಗದ ಕೈ ಇನ್ನೂ ನನ್ನ ಹತ್ರಾನೇ ಇದೆಯಲ್ಲಮ್ಮ" ಎಂದರು. "ಅವರಿಗೆ ಪಾಸ್‌ವರ್ಡ್ ನೆನಪಾಗ್ಬಿಟ್ರೆ?"