ನಾರಾಯಣಗೂಡದಾಗ ಕೇಳಿದ ಸ್ಪೇನ್

ಅಮಾಸಿ ದಿನ ಗೋಡಿ ಕಟ್ಟೋ ನಮ್ಮ ಗೌಂಡಿ ಮಂದಿ ಕರಣಿ ಮುಟ್ಟಂಗಿಲ್ಲ. ಅವತ್ತು ಮುಂಜಾನೆ ಜೀಡಿಮೆಟ್ಲಾದಾಗ ಕೋಠಿ ಬಸ್ ಹತ್ತಿದೆ. ಟಿಕೆಟ್ ಎಂಟು ರೂಪಾಯಿ. ಫ್ಯಾಕ್ಟರಿ ಔಷಧದ ವಾಸನಿ ಭಾಳ ದೂರ ಬೆನ್ನು ಬಿಡಲಿಲ್ಲ. ನಿಂತೇ ಹೋದೆ, ಕಾಲು ನೋಯಲಿಲ್ಲ. ಮೇಸ್ತ್ರಿ ಆಗಾಕ ಹೊಂಟವಗ ಕಾಲು ಎಲ್ಲಿ ನೋಯ್ತಾವ.

ನಾವು ಮೂವತ್ತೊಂದು ಮಂದಿ, ಎಲ್ಲಾ ಸೇಡಂ ಕಡೆಯವರು. ಮಾದಾಪುರದಾಗ ಕಂಪ್ಯೂಟರ್ ಕಂಪನಿಗೆ ಎಂಟು ಅಂತಸ್ತು ಕಟ್ಟಾಕತ್ತಿದ್ವಿ. ಹದಿನೆಂಟು ವರ್ಷ ನಮ್ಮ ಸೋದರಮಾವನೇ ಮೇಸ್ತ್ರಿ. ಕಾಲು ಜಾರಿದ್ರ ಜೀವ ಹೋಗೋ ಹೊರಗಿನ ಬೊಂಬು ಯಾರು ಹತ್ತಬೇಕು, ಹಬ್ಬಕ್ಕ ಊರಿಗೆ ಯಾರು ಹೋಗಬೇಕು, ಎಲ್ಲಾ ಅವನ ಬಾಯಾಗ. ಹೋದ ತಿಂಗಳ ಸತ್ತ. ಸಾಯೋ ಮುಂದ ನನ್ನ ಕೈ ಹಿಡಿದು, "ನನ್ನ ಹಿಂದ ಇವನೇ" ಅಂದ. ಹಳೇ ಗೌಂಡಿ ಮಾದೇವಪ್ಪ ಒಪ್ಪಲಿಲ್ಲ. "ಗ್ಯಾಂಗ್ ಏನು ನಿಮ್ಮ ಮಾವನ ಹೊಲೇನೋ, ಕೊಟ್ಟು ಹೋಗಾಕ?" ಅಂದ. ನಾನೇ ಮೇಸ್ತ್ರಿ ಅಂತ ಸ್ಟಾಂಪ್ ಕಾಗದದ ಮ್ಯಾಲೆ ಬರೆಸಿ, ಎಲ್ಲಾರ ಹೆಬ್ಬಟ್ಟು ಒತ್ತಿಸಿ, ಅವನ ಬಾಯಿ ಮುಚ್ಚಿಸೋಣ ಅಂತ ನಾ ಹೊಂಟಿದ್ದೆ.

ಕೋಠಿಯಾಗ ಕಾಗದ ಕೊಂಡೆ. ಸುಲ್ತಾನ್ ಬಜಾರಿನ ಸೀರಿ ಅಂಗಡಿ ಗದ್ದಲದಾಗ ಎರಡು ಮಿರ್ಚಿ ತಿಂದು, ಬಿಸಲಾಗ ನಡಕೋತ ನಾರಾಯಣಗೂಡ ಮುಟ್ಟಿದೆ. ನಮ್ಮೂರ ಶಾಂತಪ್ಪ ಮಾಸ್ತರು ಅಲ್ಲಿ ಕೋಚಿಂಗ್ ಕ್ಲಾಸ್ ನಡಸ್ತಾರ. "ಹಿಂದ ಕುಂದರು, ಪಾಠ ಮುಗೀಲಿ" ಅಂದ್ರು. ಅರ್ಧ ಹಿಂದಿ, ಅರ್ಧ ತೆಲುಗು, ನನಗ ಎರಡೂ ತಿಳಿತಾವ.

ಅವತ್ತಿನ ಪಾಠ ಸ್ಪೇನ್ ದೇಶ. ಸುಮಾರು ಎರಡು ನೂರು ವರ್ಷದ ಹಿಂದ ಫ್ರಾನ್ಸಿನ ಫೌಜು ಅಲ್ಲಿ ನುಗ್ಗಿ ರಾಜನ್ನ ಹಿಡದಿಟ್ಟಿತ್ತಂತ. ಆಗ ಮಂದಿ ಸಮುದ್ರದ ದಂಡಿಗಿರೋ ಕಾಡಿಸ್ ಊರಾಗ ಕೂಡಿ ಸಂವಿಧಾನ ಬರೆದ್ರು. ರಾಜ ತಿರುಗಿ ಬಂದವನೇ, ಇದು ನಡ್ಯಂಗಿಲ್ಲ ಅಂದ. ಮುಂದ ಎಷ್ಟೋ ಬರೆದ್ರು, ಎಷ್ಟೋ ಮುರಿದ್ರು. ಆಮ್ಯಾಲೆ ಒಬ್ಬ ಜನರಲ್ ತನ್ನ ಮಂದಿ ಮ್ಯಾಲೇ ಯುದ್ಧ ಗೆದ್ದು, ಹತ್ತಿರ ಹತ್ತಿರ ನಲವತ್ತು ವರ್ಷ ಒಬ್ಬನೇ ಆಳಿದ. ಸಾಯೋಕಿಂತ ಮೊದಲೇ ಒಬ್ಬ ರಾಜಕುಮಾರನ್ನ, ನನ್ನ ಹಿಂದ ಇವನೇ ಅಂತ ಗೊತ್ತು ಮಾಡಿದ್ದ.

ಮಾವನ ಮಾತೇ ಅದು. ಬೆಂಚಿನ ತುದಿಗಿ ಬಂದು ಕುಂತೆ.

ಜನರಲ್ ಸತ್ತ ಮ್ಯಾಲೆ ರಾಜ ಆದ ಆ ರಾಜಕುಮಾರನೂ ಹಂಗೇ ಆಳ್ತಾನ ಅಂತ ಭಾಳ ಮಂದಿ ತಿಳಿದಿದ್ರು. ಅವ ಎಲೆಕ್ಷನ್ ಆಗಾಕ ಬಿಟ್ಟ. ಗೆದ್ದವರು ಸಂವಿಧಾನ ಬರೆದ್ರು, ಮಂದಿ ಓಟು ಹಾಕಿ ಒಪ್ಪಿದ್ರು, ರಾಜ ತನ್ನ ಅಧಿಕಾರ ಹೋಗೋ ಕಾಗದಕ್ಕ ತಾನೇ ಸಹಿ ಹಾಕ್ದ. ಎರಡು ವರ್ಷದ ಮ್ಯಾಲೆ ಬಂದೂಕಿನವರು ಪಾರ್ಲಿಮೆಂಟಿಗೆ ನುಗ್ಗಿ ಮ್ಯಾಲಿನ ಛತ್ತಿಗೆ ಗುಂಡು ಹೊಡದ್ರು. ರಾಜ ಟೀವಿಯಾಗ ಬಂದು, ನಾ ಸಂವಿಧಾನದ ಕಡೆ ಅಂದ. ಮರುದಿನ ಬಂದೂಕಿನವರು ಶರಣು ಬಂದ್ರು.

ನಾ ಎದ್ದು ನಿಂತು ಕೇಳಿದೆ, "ಸರ್, ಮೊದಲಿನ ಕಾಗದ ರಾಜ ಒಂದೇ ಮಾತಿಗೆ ಒಗದ. ಈ ಕಾಗದ ಹ್ಯಾಂಗ ಉಳೀತು?"

ಹುಡುಗರು ನಕ್ರು. "ಅಣ್ಣಾ, ನೀ ಯಾವ ಬ್ಯಾಚು?" ಅಂದ ಒಬ್ಬ. "ಸಿಮೆಂಟ್ ಬ್ಯಾಚು" ಅಂದೆ.

ಮಾಸ್ತರು ನಗಲಿಲ್ಲ. "ಈ ಸಲ ಜನರಲ್ ಕಾಲದಾಗ ಜೈಲಿಗೆ ಹಾಕಿದವರ ಕಡೆಯವರು, ಜೈಲಿನಾಗ ಇದ್ದವರ ಕಡೆಯವರು ಒಂದೇ ಮೇಜಿಗೆ ಕುಂತು ಬರೆದ್ರಪ್ಪಾ. ಯಾರಿಗೂ ಬೇಕಾದ್ದು ಪೂರಾ ಸಿಗಲಿಲ್ಲ. ಆದ್ರ ತಾನೂ ಕುಂತು ಬರೆದದ್ದು ಹರಿಯಾಕ ಕೈ ಬರಂಗಿಲ್ಲ."

ಕ್ಲಾಸ್ ಬಿಟ್ಟ ಮ್ಯಾಲೆ ಇರಾನಿ ಹೋಟೆಲಿನಾಗ ಚಾ ಕುಡಿಸಿದ್ರು. "ತಾ ನಿನ್ನ ಕಾಗದ, ಏನು ಬರೀಲಿ?"

"ಬ್ಯಾಡ್ರಿ ಸರ್. ಇನ್ನೂ ಯಾರ್ನೂ ಕೇಳಿಲ್ಲ."

"ಕೇಳಿದ್ರ ಸೋಲ್ತಿ ನೋಡು."

"ಸೋತ್ರ?"

"ಗೌಂಡಿ ಆಗಿರ್ತಿ. ಈಗೇನಿದ್ದಿ?"

 ಹೊತ್ತು ಮುಳುಗೋದ್ರಾಗ ಜೀಡಿಮೆಟ್ಲಾ ಮುಟ್ಟಿ, ನಾವಿರೋ ಶೆಡ್ಡಿನ ಮುಂದ ಎಲ್ಲಾರನ್ನೂ ಕೂಡಿಸಿ ಹೇಳಿದೆ: ಮೊದಲು ನೇಮ ಬರಿಯೋಣ, ಆಮ್ಯಾಲೆ ಮೇಸ್ತ್ರಿ ಯಾರು ಅಂತ ಕೈ ಎತ್ತೋಣ.

"ಮಾಸ್ತರ ಇವಗ ಏನು ತಿನಿಸಿ ಕಳಿಸ್ಯಾನೋ" ಅಂದ ಮಾದೇವಪ್ಪ. "ಹೆಂಗಸರೂ ಕೈ ಎತ್ತತಾರೇನು?"

ಇಟ್ಟಂಗಿ ಹೊರೋ ಭೀಮವ್ವ ಅಂದ್ಲು, "ಹೊರಾಕ ತಲಿ ಐತಿ, ಎತ್ತಾಕ ಕೈ ಇಲ್ಲೇನು ನಮಗ?"

ನಾಕನೇ ಕ್ಲಾಸ್ ತನಕ ಕಲಿತವ ನಾ, ಸೊಟ್ಟ ಅಕ್ಷರದಾಗ ಸ್ಟಾಂಪ್ ಕಾಗದದ ಮ್ಯಾಲೆ ಬರೆದೆ. ಹೊರಗಿನ ಬೊಂಬು ಎಲ್ಲಾ ಗೌಂಡಿಗಳೂ ಪಾಳಿ ಪ್ರಕಾರ ಹತ್ತಬೇಕು. ಹಬ್ಬದ ರಜಾನೂ ಪಾಳಿ ಪ್ರಕಾರ. ವರ್ಷಕ್ಕೊಮ್ಮೆ ಮೇಸ್ತ್ರಿನ್ನ ಮತ್ತ ಆರಿಸಬೇಕು. ಜಗಳಾಡಿ, ಬೈದಾಡಿ, ಎಲ್ಲಾರೂ ಹೆಬ್ಬಟ್ಟು ಒತ್ತಿದ್ರು. ಆಮ್ಯಾಲೆ ಕೈ ಎಣಿಸಿದ್ವಿ. ಮಾದೇವಪ್ಪಗ ಹದಿನೇಳು, ನನಗ ಹದಿನಾಕು. ಹೊಟ್ಟಿ ಉರೀಲಿಲ್ಲ ಅಂದ್ರ ಸುಳ್ಳಾಗ್ತದ.

ಮರುದಿನ ಮಾದಾಪುರದಾಗ ಎಂಟನೇ ಅಂತಸ್ತಿನ ಹೊರಗೋಡಿಗೆ ಸಿಮೆಂಟ್ ಮೆತ್ತೋ ಗಿಲಾವ್ ಕೆಲಸ ಇತ್ತು. ಗಾಳಿ ಜೋರು. ಹಿರಿಯರಿಂದ ಪಾಳಿ ಲೆಕ್ಕ ಹಾಕಿದ್ರ ಮೊದಲನೇದು ಮಾದೇವಪ್ಪಂದೇ ಬಂತು.

"ಮೇಸ್ತ್ರಿಗೂ ಏನು ಪಾಳಿ" ಅಂತ ಅವ ಬೀಡಿ ಹಚ್ಚಿದ.

"ಕಾಗದ ಓದೋ ತಮ್ಮಾ" ಅಂದ್ಲು ಭೀಮವ್ವ, ನನ್ನ ಕಡೆ ನೋಡಿ.

ಕಿಸೆದಿಂದ ತಗದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಎಲ್ಲಾ ಗೌಂಡಿಗಳೂ" ಅನ್ನೋದನ್ನ ಎರಡು ಸಲ ಓದಿದೆ.  ಮಾದೇವಪ್ಪ ಕಾಗದ ನೋಡ್ದ, ತನ್ನ ಹೆಬ್ಬಟ್ಟಿನ ಗುರುತು ನೋಡ್ದ. ಬೀಡಿ ಒಗದು, ಧೋತರ ಮ್ಯಾಲೆ ಕಟ್ಟಿ, ಬೊಂಬು ಹತ್ತಿದ. ನಾ ಬಕೀಟಿನಾಗ ಸಿಮೆಂಟ್ ಮಾಲು ತುಂಬಿ, ಅವಗ ಮ್ಯಾಲೆ ಕಳಿಸಾಕ ಹಗ್ಗ ಜಗ್ಗಾಕತ್ತಿದೆ.