ಎಡಗೆನ್ನೆಯ ಪ್ರಯೋಗ

ಬಾಗಲಕೋಟೆಯ ನವನಗರದ ಜಾನಕಿಬಾಯಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹೊಸ ಉಪ್ಪಿನಕಾಯಿಯನ್ನೂ ಮೊದಲು ಗಂಡನಿಗೆ ಬಡಿಸಿ, ಅವರ ಮುಖ ನೋಡಿದ ಮೇಲೆಯೇ ತಾವು ಮುಟ್ಟುವವರು. ಬಾದಾಮಿಯಲ್ಲಿ ತಂಗಿಯ ಮಗಳ ಮದುವೆ ಹತ್ತಿರ ಬಂದಾಗ ಸುಕ್ಕು ತೆಗೆಯುವ ಕ್ರೀಮೊಂದನ್ನು ತಂದರು. ಡಬ್ಬಿಯ ಮೇಲೆ ಚೆಲುವೆಯೊಬ್ಬಳು ನಗುತ್ತಿದ್ದಳು.

"ಮೊದಲರೆ ಈಕಿಗೆ ಸುಕ್ಕು ಎಲ್ಲಿದ್ವು?" ಎಂದು ಗೊಣಗಿದರು.

ಅಂದಿನಿಂದ, ಮಧ್ಯಾಹ್ನ ಭಕ್ರಿ ಉಂಡು ಗಂಡ ಪಂಢರೀನಾಥರಾಯರು ಗೊರಕೆ ಹೊಡೆಯತೊಡಗಿದೊಡನೆ, ಜಾನಕಿಬಾಯಿ ಅವರ ಎಡಗೆನ್ನೆಗೆ ಮೆಲ್ಲಗೆ ಕ್ರೀಮು ಸವರುತ್ತಿದ್ದರು. ಹೋಲಿಸಿ ನೋಡಲು ಬಲಗೆನ್ನೆಯನ್ನು ಹಾಗೇ ಬಿಟ್ಟಿದ್ದರು. ಕೆಲವು ವಾರಗಳಲ್ಲಿ ಎಡಗೆನ್ನೆ ನಿಜಕ್ಕೂ ನುಣುಪಾಯಿತು. ಯಾಕೋ ರಾಯರು ನೆರೆಯವರೊಡನೆ ಮಾತಾಡುವಾಗಲೂ ಆ ಕೆನ್ನೆಯನ್ನೇ ಮುಂದೆ ಮಾಡತೊಡಗಿದರು.

ಒಂದು ಮಧ್ಯಾಹ್ನ ಕ್ರೀಮು ಸವರುತ್ತಿರುವಾಗಲೇ ಗೊರಕೆ ನಿಂತಿತು. ರಾಯರು ಕಣ್ಣು ತೆರೆಯದೆಯೇ ಮಗ್ಗುಲು ಬದಲಿಸಿ ಬಲಗೆನ್ನೆ ಒಡ್ಡಿದರು.

"ಇದಕ್ಕೂ ಒಂಚೂರು ಹಚ್ಚು."

"ಅಯ್ಯ, ಎಚ್ಚರ ಇದ್ರೇನ್ರಿ ಇಷ್ಟ ದಿನಾ?" ಎಂದ ಜಾನಕಿಬಾಯಿ ಡಬ್ಬಿಯ ಮುಚ್ಚಳ ಬಿಗಿದರು. "ಆ ಕೆನ್ನಿಗೆ ಹಚ್ಚೂದಿಲ್ರಿ! ಈ ಕ್ರೀಮಿನ ಗುಣಾ ಹೇಳಿದ್ರ ಮದುವ್ಯಾಗ ಮಂದಿ ಪುರಾವೆ ಕೇಳ್ತಾರ."